ಐದು ದಿನದ ಮಿಷನ್ ಟ್ರಿಪ್: ಏಳು ಸಾವಿರ ಕೊಟ್ಟು ಹೋಗಿ ಬಂದೆ

ಈ ಸಲ ಮೇ ಕೊನೆ ವಾರದಲ್ಲಿ ಹುಬ್ಬಳ್ಳಿಯಿಂದ ಹೊರಟ ಒಂದು ಮಿಷನ್ ಟ್ರಿಪ್‌ಗೆ, ಅಂದರೆ ಸೇವೆ, ಪ್ರಾರ್ಥನೆ ಅಂತ ಕ್ರೈಸ್ತರು ಗುಂಪಾಗಿ ಊರೊಂದಕ್ಕೆ ಹೋಗಿಬರುವ ಪ್ರವಾಸಕ್ಕೆ ಹೋಗಿದ್ದೆ. ಐದು ದಿನ, ತಲೆಗೆ 7,000 ರೂಪಾಯಿ. ಬಸ್ಸು, ಊಟ, ಮಲಗೋಕೆ ಜಾಗ, ಒಂದು ಟೀ ಶರ್ಟ್, ಕೊನೆಗೆ ಸರ್ಟಿಫಿಕೇಟ್. ನಡೆಸಿದವರ ಹೆಸರು ಬರೆಯುವುದಿಲ್ಲ. ಇಂಥ ಟ್ರಿಪ್ ನಡೆಸುವವರು ಬಹಳ ಜನ ಇದ್ದಾರೆ, ನನ್ನ ಮಾತು ಅವರೆಲ್ಲರಿಗೂ ಸೇರಿದ್ದು.

ನಾನೂ ಕ್ರೈಸ್ತಳೇ. ನಮ್ಮ ಅವ್ವ ಹುಟ್ಟಿದ್ದು ಬೆಟಗೇರಿಯ ಜರ್ಮನ್ ಆಸ್ಪತ್ರೆಯಲ್ಲಿ. ಭಾನುವಾರದ ಆರಾಧನೆ ತಪ್ಪಿಸುವವಳಲ್ಲ. ಸೇವೆ ಮಾಡಬೇಕು ಅಂತ ನಿಜವಾಗಿಯೂ ಮನಸ್ಸಿತ್ತು, ಅದಕ್ಕೇ ರಜೆ ಹಾಕಿ ಹೋದೆ.

ವ್ಯವಸ್ಥೆಯಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಬಸ್ಸು ಹೇಳಿದ ಹೊತ್ತಿಗೆ ಹೊರಟಿತು, ಅಣ್ಣಿಗೇರಿಯಲ್ಲಿ ಚಹಾ, ಗದಗ ದಾಟಿ ಊರು ಮುಟ್ಟಿದಾಗ ಇನ್ನೂ ಹನ್ನೊಂದಾಗಿರಲಿಲ್ಲ. ಊಟವಂತೂ ಬಹಳ ಚೆನ್ನಾಗಿತ್ತು. ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಗುರೆಳ್ಳು ಚಟ್ನಿ. ಆದರೆ ಎರಡನೇ ದಿನ ಅಡುಗೆಮನೆಗೆ ಹೋದಾಗ ಗೊತ್ತಾಯಿತು, ನಮ್ಮ 22 ಜನಕ್ಕೆ ರೊಟ್ಟಿ ಬಡಿಯುತ್ತಿದ್ದ, ನಾವು ಉಳಿದಿದ್ದ ಮನೆಯ ಅಕ್ಕ ಬೆಳಗಿನ ನಾಲ್ಕು ಗಂಟೆಗೆ ಎದ್ದು, ಮೂರು ಓಣಿ ಆಚೆಯಿಂದ ಕೊಡಗಟ್ಟಲೆ ನೀರು ಹೊತ್ತು ತರುತ್ತಿದ್ದರು. ರೋಹಿಣಿ ಮಳೆ ಹಿಡಿದಿತ್ತು. ಎಲ್ಲರ ಮನೆಯಲ್ಲೂ ಹೆಸರು ಬಿತ್ತುವ ಗಡಿಬಿಡಿ. ಆ ವಾರವೇ ನಾವು ಹೋಗಿ ಅವರ ಮನೆಯಲ್ಲಿ ಕೂತಿದ್ದೆವು, ಯಾಕಂದ್ರೆ ನಮಗೆ ಆಗಲೇ ರಜೆ.

ಮೊದಲ ಕೆಲಸ ಶಾಲೆ ಗೋಡೆಗೆ ಬಣ್ಣ ಹಚ್ಚೋದು. ಒಂದೂವರೆ ದಿನ ಹಚ್ಚಿದೆವು. ಯಾರಿಗೂ ಅಭ್ಯಾಸ ಇಲ್ಲ, ಕಿಟಕಿ ಸರಳಿಗೆಲ್ಲ ಬಣ್ಣ ಮೆತ್ತಿತು. ಶಾಲೆಯ ದೊಡ್ಡ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಬಣ್ಣ ಹೋದ ವರ್ಷನ ಹಚ್ಚಿಸೇವಿ ಮೇಡಂ. ನೀರಿನ ಟಾಕಿ ಸೋರ್ತೈತಿ, ಅದನ್ನ ಮಾಡಿಸಿಕೊಟ್ಟಿದ್ರ ಚಲೋ ಆಗ್ತಿತ್ತು." ಹಾಗಾದ್ರೆ ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ಯಾರು ಕೇಳಿದ್ರು?" ಅಂದರು. ಸುಮ್ನೆ ಲೆಕ್ಕ ಹಾಕಿ ನೋಡಿ, 22 ಜನ, ತಲಾ ಏಳು ಸಾವಿರ, ಒಟ್ಟು 1,54,000 ರೂಪಾಯಿ. ಆ ಊರಲ್ಲೇ ಬಣ್ಣ ಹಚ್ಚುವ ಇಬ್ಬರು ಅಣ್ಣತಮ್ಮಂದಿರಿದ್ದಾರೆ, ನಾವು ಹಚ್ಚುವುದನ್ನು ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ಅವರಿಗೆ ಕೂಲಿ ಕೊಟ್ಟು, ಟಾಕಿ ರಿಪೇರಿ ಮಾಡಿಸಿದ್ದರೂ ದುಡ್ಡು ಉಳಿಯುತ್ತಿತ್ತು.

ಮೂರನೇ ದಿನ ಹೆಲ್ತ್ ಕ್ಯಾಂಪ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬರೇ ಡಾಕ್ಟರ್, ಅವರು ಮಧ್ಯಾಹ್ನಕ್ಕೇ ಹೊರಟರು. ಆಮೇಲೂ ಗುಳಿಗೆ ಹಂಚುತ್ತಿದ್ದದ್ದು ನಾವು, ಅಂದರೆ ಕಾಲೇಜು ಹುಡುಗರು ಮತ್ತು ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನು. ಬಿಪಿ, ಶುಗರ್ ಇದ್ದವರಿಗೆ ಹತ್ತು ದಿನದ ಗುಳಿಗೆ. ಬಿಪಿ ಹತ್ತು ದಿನದ ರೋಗ ಅಲ್ಲ, ಗುಳಿಗೆ ವರ್ಷಗಟ್ಟಲೆ ನುಂಗಬೇಕು, ಯಾರು ಏನು ತಗೋತಿದ್ದಾರೆ ಅಂತ ಬರೆದಿಟ್ಟು ನೋಡಿಕೊಳ್ಳುವವರು ಬೇಕು. ಅಲ್ಲಿನ ಆಶಾ ಕಾರ್ಯಕರ್ತೆ ಓಡಿ ಬಂದು, "ಅಕ್ಕಾರ, ಇವರಿಗೆ ಪಿಎಚ್‌ಸಿಯಿಂದ ತಿಂಗಳಾ ಗುಳಿಗಿ ಬರ್ತಾವ, ಈಗ ಎರಡೂ ನುಂಗಿದ್ರ ಏನ್ ಮಾಡೂದು?" ಅಂದರು. ಪಿಎಚ್‌ಸಿ ಅಂದರೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ. ಒಂದೇ ಔಷಧ ಬೇರೆ ಬೇರೆ ಹೆಸರಲ್ಲಿ ಬರುತ್ತದೆ. ಎರಡೂ ನುಂಗಿದರೆ ಬಿಪಿ ಜಾಸ್ತಿ ಇಳಿದು, ವಯಸ್ಸಾದವರು ತಲೆ ಸುತ್ತಿ ಬೀಳಬಹುದು. ನನಗೆ ಆವಾಗ ಕೈಕಾಲು ತಣ್ಣಗಾದವು. ಒಬ್ಬ ಅಜ್ಜಿ ಚೀಟಿ ಹಿಡಿದು, "ಇವು ಮುಗದ ಮ್ಯಾಲ ಮತ್ತ ಬರ್ತೀರೇನವಾ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು, ಗುಳಿಗೆಯ ಸಾಲು ಮುಗಿಯುವ ಕಡೆಯೇ ಪ್ರಾರ್ಥನೆಯ ಕುರ್ಚಿ ಇಟ್ಟಿದ್ದರು. ಬೇಡ ಅಂದರೆ ಗುಳಿಗೆ ಸಿಗೋದಿಲ್ಲ ಅಂತ ಯಾರೂ ಹೇಳಲಿಲ್ಲ, ನಿಜ. ಆದರೆ ಕೈಯಲ್ಲಿ ನಾವು ಕೊಟ್ಟ ಔಷಧ ಹಿಡಿದು ನಿಂತವರು ಬೇಡ ಅಂತ ಹೇಗೆ ಹೇಳಬೇಕು? 2022ರಲ್ಲಿ ನಮ್ಮ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂದಾಗ ನಮ್ಮ ಚರ್ಚಿನ ಸಭೆಯವರೆಲ್ಲ ಎಷ್ಟು ಹೆದರಿದ್ದೆವು, ಎಷ್ಟು ನೊಂದಿದ್ದೆವು. ನಾವು ಆಮಿಷ ಒಡ್ಡುವವರಲ್ಲ ಅಂತ ಎಲ್ಲರಿಗೂ ಹೇಳಿಕೊಂಡು ಬಂದವರು ನಾವು. ಕಾಯ್ದೆ ಮಾತು ಬಿಡಿ, ಹಾಗೆ ಹೇಳಿಕೊಂಡವರು ಆ ಕುರ್ಚಿಯನ್ನು ಅಲ್ಲಿ ಇಡಬಾರದು. ಪ್ರಾರ್ಥನೆ ಸಂಜೆ, ಬೇರೆ ಜಾಗದಲ್ಲಿ, ಬಂದವರಿಗೆ ಮಾತ್ರ ಇರಲಿ.

ಜೊತೆಗೆ ಹೊರದೇಶದ ಇಬ್ಬರು ಹುಡುಗರೂ ಇದ್ದರು. ಒಳ್ಳೆ ಹುಡುಗರು. ಆದರೆ ಬಂದದ್ದು ಪ್ರವಾಸಿ ವೀಸಾದಲ್ಲಿ. ಆ ವೀಸಾದಲ್ಲಿ ಧರ್ಮಪ್ರಚಾರ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಅಂತ ಬೇರೆಯೇ ಇದೆ. ನಾಳೆ ಯಾರಾದರೂ ದೂರು ಕೊಟ್ಟರೆ ಹುಡುಗರು ವಿಮಾನ ಹತ್ತಿ ಹೋಗುತ್ತಾರೆ, ಸ್ಟೇಷನ್ ಮೆಟ್ಟಿಲು ಹತ್ತುವವರು ಆ ಊರಿನ ಪಾಸ್ಟರು.

ನಾಲ್ಕನೇ ದಿನ ಅನಾಥಾಲಯ. ಏಳೆಂಟು ವರ್ಷದ ಹುಡುಗಿಯೊಬ್ಬಳು ನನ್ನ ಕೈ ಬಿಡಲೇ ಇಲ್ಲ. ಅವ್ವ ಎಲ್ಲಿ ಅಂದೆ. "ಗೋವಾದಾಗ ಅದಾಳ, ದುಡ್ಯಾಕ ಹೋಗ್ಯಾಳ" ಅಂದಳು. ಅಲ್ಲಿದ್ದ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಅಪ್ಪನೋ ಅವ್ವನೋ ಇದ್ದಾರೆ. ನಮ್ಮ ಕಡೆ ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ಮನೆಗಳ ಕಥೆ ಎಲ್ಲರಿಗೂ ಗೊತ್ತಲ್ವಾ. ಅವರನ್ನು ಅನಾಥರು ಅಂತ ಕರೆದು ನಮ್ಮ ಮುಂದೆ ಹಾಡಿಸಿದರು. ಸಂಜೆಯೊಳಗೆ ಅವರ ಫೋಟೋ ಇನ್‌ಸ್ಟಾಗ್ರಾಮ್‌ನಲ್ಲಿ, ಹೆಸರಿನ ಸಮೇತ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಂ ಪ್ರಕಾರ ಪೋಷಣೆ, ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡುವುದು ಅಪರಾಧ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಾನು ನಿಂತು ಹೇಳಿದ ಮೇಲೆ ಕೆಲವರು ತೆಗೆದರು. ದಾನ ಮಾಡಿ ಸಾರಬಾರದು ಅಂತ ಸಂಡೇ ಸ್ಕೂಲಿನಲ್ಲಿ ಕಲಿತವರು ನಾವು.

ಇದು ಸಣ್ಣ ವಿಷಯ ಅನ್ನುವವರಿಗೆ ಹೈಟಿಯ ಮಾತು ನೆನಪಿಸುತ್ತೇನೆ. 2010ರ ಭೂಕಂಪ ಆದ ಕೆಲವೇ ದಿನಕ್ಕೆ ಅಮೆರಿಕದ ಹತ್ತು ಮಂದಿ ಮಿಷನ್‌ನವರು 33 ಮಕ್ಕಳನ್ನು ಅನಾಥರೆಂದು ಗಡಿ ದಾಟಿಸಲು ಹೋಗಿ ಸಿಕ್ಕಿಬಿದ್ದರು. ಆಮೇಲೆ ನೋಡಿದರೆ ಆ ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದರು. ಮಕ್ಕಳ ಮನೆಯವರ ಬಗ್ಗೆ ಕೇಳಿಯೇ ನೋಡದೆ ಪ್ರೀತಿ ತೋರಿಸಲು ಹೊರಟರೆ ಹೀಗಾಗುತ್ತದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಲೀಡರ್ ಬಾಸೆಲ್ ಮಿಷನ್‌ನವರ, ಅಂದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಮಿಷನರಿ ಸಂಸ್ಥೆಯವರ ಉದಾಹರಣೆ ಕೊಟ್ಟರು, ನಾವೂ ಅವರ ಹಾದಿಯಲ್ಲೇ ಇದ್ದೇವೆ ಅಂತ. ಅದನ್ನು ಒಪ್ಪೋಕೆ ನನಗೆ ಆಗಲಿಲ್ಲ. ಅವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಅವರಲ್ಲೊಬ್ಬರಾದ ಕಿಟೆಲ್ 1853ರಲ್ಲಿ ಈ ದೇಶಕ್ಕೆ ಬಂದರು, ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಲವತ್ತು ವರ್ಷ. ಅವರದ್ದೆಲ್ಲ ಸರಿ ಅಂತಲ್ಲ, ನಮ್ಮ ಜನರ ದೇವರು ಹಬ್ಬಗಳ ಬಗ್ಗೆ ಆ ಕಾಲದ ಮಿಷನರಿಗಳು ಬರೆದ ಎಷ್ಟೋ ಮಾತು ಇವತ್ತು ಓದಿದರೆ ನೋವಾಗುತ್ತದೆ. ಆದರೂ ಅವರು ಇಲ್ಲಿ ಉಳಿದರು, ಭಾಷೆ ಕಲಿತರು. ಅವರು ಕಟ್ಟಿದ, ಅವ್ವ ಹುಟ್ಟಿದ ಆ ಆಸ್ಪತ್ರೆ ಮರುದಿನವೂ ಅಲ್ಲೇ ಇತ್ತು, ಅದಾದ ಮೇಲೂ ಇತ್ತು. ಐದು ದಿನಕ್ಕೆ ಹೋಗಿ ಬಂದು ಅವರ ಹೆಸರು ಹೇಳಬಾರದು.

ನನ್ನ ಲೆಕ್ಕದಲ್ಲಿ ಈ ಟ್ರಿಪ್‌ಗೆ ಐದಕ್ಕೆ ಒಂದೂವರೆ ಅಂಕ. ಆ ಒಂದೂವರೆ ಕೂಡ ರಜಾ ವೇದಶಾಲೆಯಲ್ಲಿ, ಅಂದರೆ ರಜೆಯಲ್ಲಿ ಮಕ್ಕಳಿಗೆ ನಡೆಸುವ ಬೈಬಲ್ ತರಗತಿಯಲ್ಲಿ, ಮಕ್ಕಳಿಗೆ ಮನಸ್ಸಿಟ್ಟು ಕಥೆ ಹೇಳಿದ ಇಬ್ಬರು ಹುಡುಗಿಯರಿಗೆ. ಸಭೆಯ ಮಕ್ಕಳಷ್ಟೇ, ಮನೆಯವರನ್ನು ಕೇಳಿಯೇ ಕರೆದಿದ್ದರು.

ಡಿಸೆಂಬರ್‌ನಲ್ಲಿ ಇನ್ನೊಂದು ತಂಡ ಹಾವೇರಿ ಕಡೆ ಹೋಗುತ್ತಿದೆ, ನನ್ನನ್ನೂ ಕರೆದರು. ಊರಿನವರು ಏನು ಬೇಕು ಅಂದಿದ್ದಾರೆ, ಗುಳಿಗೆ ಕೊಡುವವರು ಯಾರು, ಪಿಎಚ್‌ಸಿಗೆ ತಿಳಿಸಿದ್ದೀರಾ ಅಂತ ಕೇಳಿದೆ. ಹೋದ ಮೇಲೆ ನೋಡೋಣ ಅಂದರು. ನಾನು ಹೆಸರು ಬರೆಸಲಿಲ್ಲ. ಅದರ ಬದಲು ಏಳು ಸಾವಿರವನ್ನು ಟಾಕಿ ರಿಪೇರಿಗೆ ಅಂತ ದೊಡ್ಡ ಟೀಚರ್‌ಗೆ ಕಳಿಸಿದ್ದೇನೆ, ಜೊತೆಗೆ ಬಂದಿದ್ದ ಇನ್ನೂ ನಾಲ್ಕು ಜನ ಸೇರಿಕೊಂಡಿದ್ದಾರೆ.