‘ಕನ್ನಡದಲ್ಲೂ ಲಭ್ಯ’ ಎಂದ ಕರಾವಳಿ ಆಟ: ಎರಡು ಗಂಟೆ ದಾಟುವ ಮುಂಚೆ ಇಷ್ಟು ನೋಡಿ

ಕಾರವಾರ, ಕುಮಟಾ, ಶಿರಸಿ ಕಡೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿರುವ ಒಂದು ಆಟವಿದೆ. ಆರ್‌ಪಿಜಿ ಮೇಕರ್ ಎಂವಿ ಎಂಬ ಎಂಜಿನ್ನಿನಲ್ಲಿ, ಅಂದರೆ ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ, ಮಾಡಿದ್ದು. ನಮ್ಮ ಕಡಲು, ನಮ್ಮ ಘಟ್ಟ, ಸಂಭಾಷಣೆಯೆಲ್ಲ ಕನ್ನಡದಲ್ಲಿ ಎಂಬ ಜಾಹೀರಾತು. ಹೆಸರು ಇಲ್ಲಿ ಬೇಡ. ಅದರಲ್ಲಿರುವ ದೋಷಗಳೇ ಈ ಎಂಜಿನ್ನಿನ ಇನ್ನೆಷ್ಟೋ ಆಟಗಳಲ್ಲೂ ಇವೆ, ಹಾಗಾಗಿ ಒಂದನ್ನೇ ಹೆಸರಿಸಿ ಉಪಯೋಗವಿಲ್ಲ.

ಮೊದಲು ಗಡಿಯಾರದ ವಿಷಯ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ ಆಟಕ್ಕೆ ಹಣ ವಾಪಸ್ ಬೇಕಿದ್ದರೆ ಕೊಂಡ 14 ದಿನದೊಳಗೆ ಕೇಳಬೇಕು, ಆಡಿದ ಸಮಯ 2 ಗಂಟೆಗಿಂತ ಕಡಿಮೆ ಇರಬೇಕು. ಆಟ ತೆರೆದಿಟ್ಟು ಊಟಕ್ಕೆ ಹೋದರೂ ಆ ಹೊತ್ತು ಲೆಕ್ಕಕ್ಕೆ ಬರುತ್ತದೆ. ಈ ಆಟದ ಆರಂಭದಲ್ಲಿ ಅರ್ಧ ಗಂಟೆಯ ಕಥೆಯಿದೆ, ದಾಟಿಸಲು ಬರುವುದಿಲ್ಲ. ಆಮೇಲೆ ಹಳ್ಳಿಯಲ್ಲಿ ಮನೆಮನೆ ಸುತ್ತುವ ಕೆಲಸ. ನಿಜವಾದ ತೊಂದರೆ ಕಾಣಿಸುವ ಹೊತ್ತಿಗೆ ಎರಡು ಗಂಟೆ ಮುಗಿದಿರುತ್ತದೆ.

ಚಿತ್ರಗಳಿಂದಲೇ ಒಂದಷ್ಟು ತಿಳಿಯುತ್ತದೆ. ಎಂವಿಯ ಮೂಲ ಪರದೆ 816×624, ಒಂದು ಚೌಕ 48×48 ಪಿಕ್ಸೆಲ್. ಅಂದರೆ ಅಡ್ಡಕ್ಕೆ 17, ಉದ್ದಕ್ಕೆ 13 ಚೌಕ. ಅಂಗಡಿ ಪುಟದ ಚಿತ್ರದಲ್ಲಿ ಇದೇ ಲೆಕ್ಕ, ಅದೇ ಕಿಟಕಿ ಚೌಕಟ್ಟು, ಎಂಜಿನ್ನಿನ ಜೊತೆಗೇ ಬರುವ ಹೆರಾಲ್ಡ್ ಎಂಬ ಪಾತ್ರದ ಮುಖ ಕಂಡರೆ ಯಾವುದನ್ನೂ ಬದಲಿಸಿಲ್ಲ ಎಂದರ್ಥ. ಈ ಆಟದಲ್ಲಿ ‘ಮೀನುಪೇಟೆ’ ಎಂಬ ಫಲಕದ ಹಿಂದೆ ನಿಂತಿರುವುದು ಯುರೋಪಿನ ಕಲ್ಲಿನ ಗೋಡೆ, ಮರದ ಪೀಪಾಯಿ, ಬೆಂಕಿಗೂಡು. ಹಂಚಿನ ಮಾಡಿಲ್ಲ, ತುಳಸಿಕಟ್ಟೆಯಿಲ್ಲ, ಅಡಿಕೆ ಮರ ಇರಬೇಕಾದಲ್ಲಿ ಪೈನ್ ಮರ. ಶಾಲೆಯ ವಾರ್ಷಿಕೋತ್ಸವಕ್ಕೆ ಬಾಡಿಗೆ ತಂದ ಯಕ್ಷಗಾನದ ವೇಷದ ಹಾಗೆ, ಯಾರ ಮೈಗೂ ಸರಿಹೊಂದದೆ ಎಲ್ಲರ ಮೈಮೇಲೂ ಇರುತ್ತದೆ. ಆಟಗಾರರು ಮೊದಲ ನೋಟಕ್ಕೇ ಮುಖ ತಿರುಗಿಸುವುದು ಇದನ್ನು ಕಂಡೇ.

ಇನ್ನು ಕನ್ನಡ. ಅಂಗಡಿ ಪುಟದ ಚಿತ್ರಗಳಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ, ಮೋಸ ಹೋಗುವುದೇ ಅಲ್ಲಿ. ಎಂವಿ ಮೆನುವಿನಲ್ಲಿ ವಸ್ತುಗಳ ಹೆಸರನ್ನು ಇಡೀ ಪದವಾಗಿ ಒಮ್ಮೆಗೇ ಬರೆಯುತ್ತದೆ, ಆದ್ದರಿಂದ ಒತ್ತಕ್ಷರ ಸರಿಯಾಗಿ ಕೂಡುತ್ತದೆ. ಸಂಭಾಷಣೆಯ ಕಿಟಕಿಯಲ್ಲಿ ಹಾಗಲ್ಲ. ಅಲ್ಲಿ ಒಂದೊಂದೇ ಯುನಿಕೋಡ್ ಅಕ್ಷರ ತೆಗೆದು, ಅದರ ಅಗಲ ಅಳೆದು, ಪಕ್ಕದಲ್ಲಿ ಬಿಡಿಯಾಗಿ ಬರೆಯುತ್ತದೆ. ‘ಗೋಕರ್ಣ’ ಎಂದು ಟೈಪಿಸಿದರೆ ಪರದೆಯ ಮೇಲೆ ಬರುವುದು: ಒಂದು ಗ, ಚುಕ್ಕಿಗಳ ಉಂಗುರಕ್ಕೆ ಅಂಟಿದ ಓಕಾರ, ಒಂದು ಕ, ಒಂದು ರ, ಇನ್ನೊಂದು ಉಂಗುರಕ್ಕೆ ಅಂಟಿದ ಹಲಂತ, ಕೊನೆಗೆ ಣ. ಅರ್ಕಾವತ್ತು ಮಾಯ. ವಸ್ತುವಿನ ಹೆಸರು ಸರಿಯಿದ್ದು, ಅದರ ವಿವರಣೆಯೂ ‘ಹೌದು’ ‘ಇಲ್ಲ’ ಆಯ್ಕೆಗಳೂ ಮುರಿದಿದ್ದರೆ ಕಾರಣ ಇದೇ. ಫಾಂಟ್ ಬದಲಿಸಿದರೆ ಸರಿಹೋಗುವುದಿಲ್ಲ, ಅಕ್ಷರಗಳು ಬೇಗ ಮೂಡುವಂತೆ ಮಾಡಿದರೂ ಇಲ್ಲ. ಒಂದು ಪೂರ್ಣ ಅಕ್ಷರದ ಭಾಗಗಳನ್ನೆಲ್ಲ ಒಟ್ಟಿಗೆ ಎತ್ತಿ ಬರೆಯುವ ಪ್ಲಗಿನ್ (ಎಂಜಿನ್ನಿಗೆ ಜೋಡಿಸುವ ಸಣ್ಣ ಪ್ರೋಗ್ರಾಮ್) ಹಾಕಿರಬೇಕು. ಅದು ಆಟ ಮಾಡಿದವರ ಕೆಲಸ, ಬಹಳ ದೊಡ್ಡದೂ ಅಲ್ಲ. ಕನ್ನಡಕ್ಕೆಂದೇ ದುಡ್ಡು ಕೊಡುವವರು ಮೆನುವಿನ ಚಿತ್ರ ಬಿಟ್ಟು, ಮಾತುಕತೆ ನಡೆಯುತ್ತಿರುವ ವಿಡಿಯೊ ಹುಡುಕಿ ನೋಡಿ.

ಕಾಳಗ ಬೇಸರ ಹುಟ್ಟಿಸಲು ಕಾರಣ ಒಂದು ಸೂತ್ರ. ಎಂಜಿನ್ನಿನಲ್ಲಿ ಸಾದಾ ಹೊಡೆತದ ಲೆಕ್ಕ ಹೀಗಿದೆ: ಹೊಡೆಯುವವನ ದಾಳಿ ಬಲದ 4 ಪಟ್ಟು, ಅದರಲ್ಲಿ ಎದುರಾಳಿಯ ರಕ್ಷಣೆಯ 2 ಪಟ್ಟು ಕಳೆಯಬೇಕು. ಬಂದ ಉತ್ತರ ಶೇ 20ರಷ್ಟು ಅತ್ತಿತ್ತ ಆಗುತ್ತದೆ. ನಿಮ್ಮ ಬಲ 18, ಎದುರಾಳಿಯ ರಕ್ಷಣೆ 36 ಆದರೆ 72ರಲ್ಲಿ 72 ಕಳೆದು ಸೊನ್ನೆ. ಎಷ್ಟು ಹೊಡೆದರೂ ಸೊನ್ನೆಯೇ. ಬಲ 10 ಹೆಚ್ಚಿಸುವ ಕತ್ತಿ ಸಿಕ್ಕ ಕೂಡಲೇ ಹೊಡೆತ 40ಕ್ಕೆ ನೆಗೆಯುತ್ತದೆ. ಹೀಗಾಗಿ ಸೂತ್ರ ತಿದ್ದದ ಆಟಗಳಲ್ಲಿ ಒಂದೋ ಗೆಲ್ಲಲಾಗದ ಕಾಳಗ, ಇಲ್ಲವೇ ಕಣ್ಣು ಮುಚ್ಚಿ ಎಂಟರ್ ಒತ್ತುವ ಕಾಳಗ. ಇದನ್ನು ಮುಚ್ಚಲು ರಾಕ್ಷಸನ ಜೀವವನ್ನು ಸಾವಿರಗಟ್ಟಲೆ ಏರಿಸಿಡುತ್ತಾರೆ. ಕಷ್ಟ ಹೆಚ್ಚುವುದಿಲ್ಲ, ಹೊತ್ತು ಹೆಚ್ಚುತ್ತದೆ ಅಷ್ಟೇ.

ಅದರ ಮೇಲೆ ದಿಢೀರ್ ಎದುರಾಗುವ ಶತ್ರುಗಳು. ಎಂಜಿನ್ನಿನ ಮೂಲ ಸಂಖ್ಯೆ 30 ಹೆಜ್ಜೆ. ಅದು ಸರಾಸರಿ ಮಾತ್ರ, ಮೊದಲ ಹೆಜ್ಜೆಗೇ ಬರಬಹುದು, 59ರವರೆಗೆ ಬಾರದೆಯೂ ಇರಬಹುದು. ಪೊದೆ ಎಂದು ಗುರುತಿಟ್ಟ ಚೌಕದಲ್ಲಿ ಒಂದು ಹೆಜ್ಜೆ ಎರಡಾಗಿ ಎಣಿಕೆಯಾಗುತ್ತದೆ. ಘಟ್ಟದ ಕಾಡು ತೋರಿಸಲೆಂದು ಇಡೀ ನಕ್ಷೆಗೆ ಪೊದೆ ಬಳಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕೇ ಮಾರಾಯ್ರೇ? ಈ ಆಟದಲ್ಲಿ ಅದನ್ನೇ ಮಾಡಿದ್ದಾರೆ.

ಆಟ ಸಿಕ್ಕಿಹಾಕಿಕೊಳ್ಳುವುದು ಇನ್ನೊಂದು ರಗಳೆ. ನಾಯಕ ಅಲುಗುವುದಿಲ್ಲ, ಮೆನು ತೆರೆಯುವುದಿಲ್ಲ, ಆದರೆ ಸಂಗೀತ ನುಡಿಯುತ್ತಿದೆ, ನೀರಿನ ಅಲೆ ಆಡುತ್ತಿದೆ ಎಂದರೆ ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ‘ಆಟೋರನ್’ ಘಟನೆಯೊಂದನ್ನು (ತಾನಾಗಿ ಶುರುವಾಗಿ, ನಿಲ್ಲುವ ತನಕ ಆಟಗಾರನನ್ನು ತಡೆದಿಡುವಂಥದ್ದು) ಶುರುಮಾಡಿ, ಅದನ್ನು ನಿಲ್ಲಿಸುವ ಸ್ವಿಚ್ ಹಾಕಲು ಮರೆತಿದ್ದಾರೆ. ಆಟ ಮುಚ್ಚುವುದೊಂದೇ ದಾರಿ. ನಂತರದ ಎಂಜೆಡ್ ಆವೃತ್ತಿಯಲ್ಲಿ ನಕ್ಷೆ ಬದಲಾದಾಗ, ಕಾಳಗ ಮುಗಿದಾಗ ತಾನಾಗಿ ಸೇವ್ ಆಗುವ ಸೌಲಭ್ಯವಿದೆ. ಸಿಕ್ಕಿಬಿದ್ದ ಜಾಗವೇ ಹಾಗೆ ಸೇವ್ ಆಗಿಬಿಡಬಹುದು, ಆದ್ದರಿಂದ ಬೇರೆ ಸ್ಲಾಟ್‌ನಲ್ಲಿ ಕೈಯಾರೆ ಸೇವ್ ಮಾಡುತ್ತಿರಿ. ಎಂವಿಯಲ್ಲಿ ಆ ಸೌಲಭ್ಯ ಇಲ್ಲವೇ ಇಲ್ಲ. ಈ ಆಟದಲ್ಲಂತೂ ಮೆನುವಿನ ಸೇವ್ ಮುಚ್ಚಿ, ದೂರದೂರ ಒಂದೊಂದು ದೀಪದ ಬಳಿ ಮಾತ್ರ ಸೇವ್ ಇಟ್ಟಿದ್ದಾರೆ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮರ ಬಿದ್ದು ಕರೆಂಟು ಹೋದರೆ, ಯುಪಿಎಸ್ ಇಲ್ಲದವರು ಹಿಂದಿನ ದೀಪದಿಂದ ಮತ್ತೆ ನಡೆಯಬೇಕು.

ಎಂವಿಯಲ್ಲಿ ಎಫ್5 ಒತ್ತಬೇಡಿ, ಕೇಳದೆಯೇ ಆಟ ಮೊದಲಿಂದ ಲೋಡ್ ಆಗುತ್ತದೆ. ಹಳೆಯ ಎಕ್ಸ್‌ಪಿ, ವಿಎಕ್ಸ್, ವಿಎಕ್ಸ್ ಏಸ್ ಆವೃತ್ತಿಗಳ ಆಟಗಳಲ್ಲಿ ಆ ಕೆಲಸ ಎಫ್12ರದ್ದು. ಸ್ಟೀಮ್‌ನಲ್ಲಿ ಫೋಟೊ ತೆಗೆಯುವ ಕೀಲಿಯೂ ಅದೇ! ಸ್ಟೀಮ್ ಸೆಟ್ಟಿಂಗ್‌ನಲ್ಲಿ ಅದನ್ನು ಮೊದಲೇ ಬದಲಿಸಿಕೊಳ್ಳಿ. ಸೇವ್ ಕಡತ ನಕಲು ಮಾಡುವುದಿದ್ದರೆ ಎಂವಿಯ ಡಬ್ಲ್ಯುಡಬ್ಲ್ಯುಡಬ್ಲ್ಯು (www) ಫೋಲ್ಡರ್ ಒಳಗಿನ ಸೇವ್ ಫೋಲ್ಡರನ್ನು ಇಡಿಯಾಗಿ ತೆಗೆದಿಡಿ. ಫೈಲ್1 ಒಂದನ್ನೇ ಒಯ್ದು ಎಲ್ಲ ಸ್ಲಾಟ್‌ಗಳ ಪಟ್ಟಿ ಇರುವ ‘ಗ್ಲೋಬಲ್’ ಕಡತ ಬಿಟ್ಟರೆ ಆ ಸ್ಲಾಟ್ ಖಾಲಿ ಎಂದೇ ಕಾಣುತ್ತದೆ.

ಎಂಜಿನ್ನನ್ನೇ ಬೈಯುವವರ ಜೊತೆ ನಮ್ಮ ತಕರಾರಿದೆ. 2004ರ ಯುಮೆ ನಿಕ್ಕಿ ಎಂಬ ಆಟ ‘ಆರ್‌ಪಿಜಿ ಮೇಕರ್ 2003’ ಆವೃತ್ತಿಯಲ್ಲಿ, 2011ರ ಟು ದ ಮೂನ್ ಎಕ್ಸ್‌ಪಿಯಲ್ಲಿ, 2020ರ ಓಮೊರಿ ಇದೇ ಎಂವಿಯಲ್ಲಿ ಆದವು. ಅವುಗಳಲ್ಲಿ ಚಿತ್ರ, ನಡಿಗೆ, ಕಥೆ ಎಲ್ಲಕ್ಕೂ ಮಾಡಿದವರ ಕೈ ತಾಗಿದೆ. ಕಸ ಹೆಚ್ಚಲು ಕಾರಣ ಸರಳ: ಕೋಡ್ ಬರೆಯದೆ ಆಟ ಆಗುತ್ತದೆ, 2017ರಿಂದ ಪ್ರತಿ ಆಟಕ್ಕೆ 100 ಡಾಲರ್ ಕಟ್ಟಿದರೆ ಸ್ಟೀಮ್‌ಗೆ ಏರಿಸಬಹುದು.

ಇಂಥ ಯಾವುದೇ ಆಟವನ್ನು ಆಗಲೇ ಕೊಂಡಿದ್ದರೆ ಹೀಗೆ ಮಾಡಿ. ಮೊದಲ ಮಾತಿನಲ್ಲೇ ಒತ್ತಕ್ಷರ ನೋಡಿ. ನಿಯಂತ್ರಣ ಕೈಗೆ ಬಂದ ಕೂಡಲೇ ಎಸ್ಕೇಪ್ ಒತ್ತಿ ಸೇವ್ ತೆರೆದಿದೆಯೇ ನೋಡಿ. ಎಫ್2 ಒತ್ತಿದರೆ ಮೂಲೆಯಲ್ಲಿ ಫ್ರೇಮ್ ಸಂಖ್ಯೆ (ಸೆಕೆಂಡಿಗೆ ಪರದೆ ಎಷ್ಟು ಸಲ ಹೊಸದಾಗಿ ಮೂಡುತ್ತದೆ ಎಂಬುದು) ಬರುತ್ತದೆ, 60ರ ಆಸುಪಾಸು ಇರಬೇಕು. ಒಂದೇ ಊರಿಗೆ ಕಾಲಿಟ್ಟಾಗ ಮಾತ್ರ ಕುಸಿದರೆ, ನಡುವೆ ‘ವೇಯ್ಟ್’ (ಕಾಯುವ ಆದೇಶ) ಇಲ್ಲದ ಪ್ಯಾರಲಲ್ ಘಟನೆಗಳು, ಅಂದರೆ ಹಿನ್ನೆಲೆಯಲ್ಲಿ ನಡೆಯುವ ಘಟನೆಗಳು, ಪ್ರತಿ ಫ್ರೇಮಿಗೂ ಓಡುತ್ತಿವೆಯೆಂದು ಅನುಮಾನಿಸಿ. ಹಳ್ಳಿಯ ಕೆಲಸ ಬದಿಗಿಟ್ಟು, ದಾರಿ ತೆರೆದಿದ್ದರೆ ನೇರ ಕಾಡಿಗೆ ನಡೆದು ಎರಡು ಮೂರು ಕಾಳಗ ಆಡಿ. ಇಷ್ಟಕ್ಕೆ ಒಂದು ಗಂಟೆ ಸಾಕು. ಸರಿ ಕಾಣದಿದ್ದರೆ ಸ್ಟೀಮ್ ಸಪೋರ್ಟ್ ತೆರೆದು, ಕೊಂಡ ಆಟಗಳ ಪಟ್ಟಿಯಲ್ಲಿ ಇದನ್ನು ಆರಿಸಿ, ಮರುಪಾವತಿ ಕೇಳಿ. ಕಾರಣದ ಜಾಗದಲ್ಲಿ ‘ಕನ್ನಡ ಅಕ್ಷರ ಮುರಿಯುತ್ತದೆ’ ಎಂದು ಬರೆದರೂ ನಡೆಯುತ್ತದೆ.