ಥೀಟಾ-ಬೀಟಾನೋ, ಎಸ್‌ಸಿಪಿನೋ: ಯಾವುದನ್ನು ಮೊದಲು ಕಲಿಯಬೇಕು?

ನ್ಯೂರೋಫೀಡ್‌ಬ್ಯಾಕ್ (ತನ್ನ ಮಿದುಳಿನ ಅಲೆಗಳನ್ನು ಪರದೆಯಲ್ಲಿ ಕಂಡು ಹಿಡಿತಕ್ಕೆ ತರುವ ತರಬೇತಿ) ಕಲಿಯಹೊರಟ ಮನಶ್ಶಾಸ್ತ್ರಜ್ಞರಿಗೆ ಥೀಟಾ-ಬೀಟಾ ಸುಲಭದ ಬಾಗಿಲು. 4–8 ಹರ್ಟ್ಸ್‌ನ ಥೀಟಾ ಅಲೆ ತಗ್ಗಿ, ಅದಕ್ಕಿಂತ ವೇಗದ ಬೀಟಾ ಅಲೆ ಏರಿದರೆ ಪರದೆಯ ಆಟ ಮುಂದೆ ಸಾಗುತ್ತದೆ. ಮಿದುಳಿನ ವಿದ್ಯುತ್ ಅಲೆ ಅಳೆಯುವ ಸಾಧಾರಣ ಇಇಜಿ ಯಂತ್ರ ಸಾಕು. ಆದರೆ 2021ರಲ್ಲಿ ಪ್ರಕಟವಾದ ಅಮೆರಿಕದ ಡಬಲ್-ಬ್ಲೈಂಡ್ ಪ್ರಯೋಗದಲ್ಲಿ (ಯಾರಿಗೆ ನಿಜವಾದ ತರಬೇತಿ ಎಂಬುದು ಇಬ್ಬದಿಗೂ ಗೊತ್ತಿಲ್ಲದ ಪ್ರಯೋಗ), ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆ) ಇರುವ ಮಕ್ಕಳಿಗೆ ಇದು ಹುಸಿ ತರಬೇತಿಗಿಂತ ಹೆಚ್ಚಿನ ಫಲ ಕೊಡಲಿಲ್ಲ. ಹೆತ್ತವರಿಗೆ ಇದನ್ನು ತಿಳಿಸದೆ ಫೀಸು ತೆಗೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ.

ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಬೆಳೆದ ಎಸ್‌ಸಿಪಿ (ಸ್ಲೋ ಕಾರ್ಟಿಕಲ್ ಪೊಟೆನ್ಶಿಯಲ್) ತರಬೇತಿಯ ಜಾಡೇ ಬೇರೆ. ಇಲ್ಲಿ ಹಿಡಿತಕ್ಕೆ ತರಬೇಕಾದದ್ದು ಮಿದುಳಿನ ಮೇಲ್ಪದರದ ನಿಧಾನಗತಿಯ ವಿದ್ಯುತ್ ಏರಿಳಿತ. ಅದನ್ನು ಹಿಡಿಯಬಲ್ಲ ಆಂಪ್ಲಿಫೈಯರ್ ಬೇಕು. ಕಣ್ಣು ಮಿಟುಕಿಸಿದರೂ ಸಿಗ್ನಲ್ ಕೆಡುತ್ತದೆ. ಪಳಗಿದವರು ಪಕ್ಕದಲ್ಲಿಲ್ಲದೆ ಇದಕ್ಕೆ ಕೈಹಾಕಬೇಡಿ.

ನ್ಯೂರೋಫೀಡ್‌ಬ್ಯಾಕ್ ಪ್ರಮಾಣಪತ್ರಕ್ಕೆ ಬಿಸಿಐಎ ಎಂಬ ಅಂತಾರಾಷ್ಟ್ರೀಯ ಪ್ರಮಾಣೀಕರಣ ಸಂಸ್ಥೆ 36 ಗಂಟೆಗಳ ಪಾಠ, ಮಾರ್ಗದರ್ಶಕರ ಕೈಕೆಳಗಿನ ಅಭ್ಯಾಸ, ಪರೀಕ್ಷೆ ಎಲ್ಲವನ್ನೂ ಕೇಳುತ್ತದೆ. ಯಂತ್ರದ ಜೊತೆ ಬರುವ ಎರಡು ದಿನದ ತರಬೇತಿ ಅದಕ್ಕೆ ಸಮವಲ್ಲ.