ಚಳಿಗಾಲದಲ್ಲಿ ಚಾವಣಿ ತೊಟ್ಟಿಕ್ಕಿದರೆ ರೂಫಿಂಗ್‌ನವರನ್ನು ಕರೆಯುವ ಮೊದಲು ಅಟ್ಟ ಹತ್ತಿ ನೋಡಿ

ಮಿನ್ನೆಸೋಟ, ವಿಸ್ಕಾನ್ಸಿನ್, ಕೆನಡಾ ಕಡೆ ಹಳೇ ಮನೆ ಕೊಂಡವರು ಇದನ್ನು ಓದಿ. ನಾವು ಸುಮ್ನೆ ದುಡ್ಡು ಕಳೆದುಕೊಂಡೆವು.

ನಮ್ಮದು ಮಿನಿಯಾಪೊಲಿಸ್ ಹತ್ತಿರ, 1960ರ ದಶಕದ ಮನೆ. ಹೀಟಿಂಗ್ ಬಿಲ್ ಜಾಸ್ತಿ ಬರುತ್ತಿದೆ ಅಂತ ಹೋದ ವರ್ಷ ಅಕ್ಟೋಬರಿನಲ್ಲಿ ಅಟ್ಟಕ್ಕೆ ಇನ್ಸುಲೇಶನ್, ಅಂದರೆ ಬಿಸಿ ಹೊರಗೆ ಹೋಗದಂತೆ ತಡೆಯುವ ಹೊದಿಕೆ, ಹಾಕಿಸಿದೆವು. ಆರ್-49 (ಬಿಸಿ ತಡೆಯುವ ಶಕ್ತಿಯ ಅಳತೆ) ಬೇಕು ಅಂದರೆ ಸೆಲ್ಯುಲೋಸ್, ಅಂದರೆ ಕಾಗದದ ಚೂರು, ಸುಮಾರು 14 ಇಂಚು ತುಂಬಬೇಕು. ಕಂಟ್ರಾಕ್ಟರ್ ಬಂದ, ಟ್ರಕ್ಕಿನಿಂದ ಪೈಪ್ ಎಳೆದು ಅರ್ಧ ದಿನದಲ್ಲಿ ಊದಿ ತುಂಬಿಸಿ, ಒಂದು ಫೋಟೋ ತೋರಿಸಿ, ಚೆಕ್ ಇಸ್ಕೊಂಡು ಹೋದ. ಬೂದು ಬಣ್ಣದ ಹಾಸಿಗೆ ಹಾಸಿದ ಹಾಗಿತ್ತು. ನೋಡಿ ಖುಷಿಯೂ ಆಯಿತು!

ಜನವರಿಯಲ್ಲಿ ಎರಡು ವಾರ ಮೈನಸ್ 25 ಡಿಗ್ರಿ ಚಳಿ. ಆಮೇಲೆ ಒಂದು ದಿನ ಬಿಸಿಲು ಬಿತ್ತು, ಹೊರಗೆ 4 ಡಿಗ್ರಿ. ಮಧ್ಯಾಹ್ನದ ಹೊತ್ತಿಗೆ ಬಚ್ಚಲಮನೆ, ಪಡಸಾಲೆ, ಎರಡೂ ಕಡೆ ಚಾವಣಿಯಿಂದ ನೀರು. ರೂಫಿಂಗ್‌ನವನು ಅಂಗಳದಲ್ಲೇ ನಿಂತು ಮೇಲೆ ನೋಡಿ, ಶಿಂಗಲ್ಸ್ (ಚಾವಣಿಗೆ ಹೊದಿಸಿದ ಹಲ್ಲೆಗಳು) ಹೋಗಿವೆ, ಪೂರ್ತಿ ಬದಲಾಯಿಸಬೇಕು ಅಂದ. ಗಾಬರಿಯಲ್ಲಿ ಮುಂಗಡ ಕೊಟ್ಟುಬಿಟ್ಟೆವು. ಮಳೆಯೇ ಇಲ್ಲದ ದಿನ ಚಾವಣಿ ಹೇಗೆ ಸೋರುತ್ತದೆ ಅಂತ ನಾವಾದರೂ ಯೋಚಿಸಬೇಕಿತ್ತು ಅಲ್ವಾ?

ಕೇಳಿದ್ದು ಪಕ್ಕದ ಮನೆಯ ಮುದುಕರು. ಅವರೇ ಏಣಿ ತಂದು ಅಟ್ಟದ ಮುಚ್ಚಳ ತೆಗೆಸಿದರು. ಟಾರ್ಚ್ ಬಿಟ್ಟರೆ ಒಂದೊಂದು ಮೊಳೆಯ ತುದಿಯಲ್ಲೂ ಮಂಜುಗಡ್ಡೆ, ಚಾವಣಿಯ ಒಳಮೈಯ ಪ್ಲೈವುಡ್ ಮೇಲೆಲ್ಲ ಬಿಳೀ ಹಿಮ, ಅಂಚಿನಲ್ಲಿ ಕಪ್ಪು ಬೂಷ್ಟು. ಎರಡು ವಾರ ಹೆಪ್ಪುಗಟ್ಟಿದ್ದೆಲ್ಲ ಒಂದೇ ದಿನ ಕರಗಿ ನಮ್ಮ ತಲೆ ಮೇಲೆ ಬಿದ್ದಿತ್ತು.

ಆ ನೀರು ಹೊರಗಿನಿಂದ ಬಂದದ್ದಲ್ಲ, ನಮ್ಮದೇ ಮನೆಯದು. ದಿನಾ ಕುಕ್ಕರ್, ಇಡ್ಲಿ ಹಬೆ, ಒಲೆ ಮೇಲಿನ ಹುಡ್ ನೋಡಿದರೆ ಹಬೆಯನ್ನು ತಿರುಗಿ ಅಡುಗೆಮನೆಗೇ ಬಿಡುವಂಥದ್ದು. ಊರಿಂದ ಬಂದ ಅಮ್ಮ ಬಟ್ಟೆ ಒಳಗೇ ಒಣಹಾಕುತ್ತಿದ್ದರು, ಮಗುವಿಗೆ ಕೆಮ್ಮು ಅಂತ ಗಾಳಿಗೆ ತೇವ ಬಿಡುವ ಹ್ಯೂಮಿಡಿಫೈಯರ್ ಬೇರೆ. ಮನೆಯಲ್ಲಿ 21 ಡಿಗ್ರಿ ಬಿಸಿ, ಶೇಕಡಾ 40 ತೇವ ಇದ್ದರೆ ಆ ಗಾಳಿ ಸುಮಾರು 7 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ಬೆವರುತ್ತದೆ. ಬಿಸಿ ಗಾಳಿ ಮೇಲಕ್ಕೇ ಏರುತ್ತದೆ. ಲೈಟ್ ಕೂರಿಸಿದ ತೂತು, ವೈರ್ ಹೋದ ತೂತು, ಚಿಮಣಿ ಸುತ್ತಲಿನ ಸಂದಿ, ಎಲ್ಲಿ ಸಿಕ್ಕರೆ ಅಲ್ಲಿ ನುಗ್ಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಬಚ್ಚಲಮನೆ ಎಕ್ಸಾಸ್ಟ್ ಫ್ಯಾನಿನ ಪೈಪ್ ಹೊರಗೆ ಹೋಗಿರಲೇ ಇಲ್ಲ, ಅಟ್ಟದಲ್ಲೇ ನಿಂತಿತ್ತು. ನಾಲ್ಕು ಜನರ ಬಿಸಿನೀರ ಸ್ನಾನದ ಹಬೆಯನ್ನು ದಿನಾ ನಾವೇ ಫ್ಯಾನ್ ಹಾಕಿ ಮೇಲಕ್ಕೆ ಕಳಿಸುತ್ತಿದ್ದೆವು.

ಹಾಗಾದರೆ ಹಿಂದಿನ ವರ್ಷಗಳಲ್ಲಿ ಯಾಕೆ ಸೋರಲಿಲ್ಲ? ಆಗ ಮನೆಯ ಬಿಸಿ ಸೋರಿ ಅಟ್ಟವೂ ಬೆಚ್ಚಗಿರುತ್ತಿತ್ತು. ದಪ್ಪ ಇನ್ಸುಲೇಶನ್ ಬಿದ್ದ ಮೇಲೆ ಪ್ಲೈವುಡ್ ಐಸ್ ಆಯಿತು, ಆದರೆ ತೂತುಗಳು ಹಾಗೇ ಉಳಿದವು. ಅದರ ಮೇಲೆ ಆ ಪುಣ್ಯಾತ್ಮ ಸೂರಿನ ಅಡಿಯ ಗಾಳಿಕಂಡಿಗಳನ್ನೂ ಸೆಲ್ಯುಲೋಸಿನಲ್ಲಿ ಮುಚ್ಚಿಹಾಕಿದ್ದ. ನಮ್ಮ ತೀರ್ಥಹಳ್ಳಿ ಮನೆಯ ಅಟ್ಟದಲ್ಲಿ ಒಲೆ ಹೊಗೆ ಕೂಡ ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು, ಇಲ್ಲಿ ಉಸಿರಾಡಲು ಜಾಗವೇ ಇರಲಿಲ್ಲ.

ಬೇರೆಯವರನ್ನು ಕರೆಸಿ ಎಲ್ಲ ಬಗೆದು ಮತ್ತೆ ಮಾಡಿಸಿದೆವು. ಮೊದಲು ತೂತು ಮುಚ್ಚುವುದು, ಆಮೇಲೆ ಇನ್ಸುಲೇಶನ್. ಚಿಮಣಿ ಸುತ್ತ ಫೋಮ್ ಬೇಡ, ಅಲ್ಲಿ ತಗಡು ಮತ್ತು ಬೆಂಕಿ ತಡೆಯುವ ಸೀಲೆಂಟ್ ಬೇಕು. ಗಾಳಿಕಂಡಿ ಇರುವಲ್ಲೆಲ್ಲ ತೊಲೆಗಳ ನಡುವೆ ಬ್ಯಾಫಲ್, ಅಂದರೆ ಇನ್ಸುಲೇಶನ್ ತಡೆದು ಗಾಳಿಗೆ ದಾರಿ ಬಿಡುವ ಹಾಳೆ, ಹಾಕಿಸಿ, ಗಾಳಿಯ ದಾರಿ ಮುಚ್ಚುವುದಿಲ್ಲ. ಅಟ್ಟದ 300 ಚದರ ಅಡಿಗೆ 1 ಚದರ ಅಡಿ ಗಾಳಿಕಂಡಿ, ಹೆಚ್ಚುಕಡಿಮೆ ಅರ್ಧ ಸೂರಿನಲ್ಲಿ, ಅರ್ಧ ಮೇಲೆ. ಒಬ್ಬ ಅಟ್ಟಕ್ಕೆ ಕರೆಂಟ್ ಫ್ಯಾನ್ ಹಾಕಿಸಿ ಅಂದ, ಒಪ್ಪಲಿಲ್ಲ. ಅದು ಮನೆಯ ಬಿಸಿ ಗಾಳಿಯನ್ನೇ ಇನ್ನಷ್ಟು ಎಳೆಯುತ್ತದೆ. ಫ್ಯಾನ್ ಪೈಪ್ ಈಗ ಚಾವಣಿ ದಾಟಿ ಹೊರಗೆ ಹೋಗಿದೆ, ಪೈಪಿಗೂ ಇನ್ಸುಲೇಶನ್ ಸುತ್ತಿದ್ದಾರೆ.

ಹಾಂ, ಹಳೇ ಮನೆ ಅಟ್ಟದಲ್ಲಿ ಹೊಳೆಯುವ ಸಣ್ಣ ಹರಳಿನಂಥ ವರ್ಮಿಕ್ಯುಲೈಟ್ ಕಂಡರೆ ಕೆದಕಬೇಡಿ, ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು.

ಈ ಚಳಿಗಾಲ ತೇವ ಶೇಕಡಾ 30 ದಾಟದ ಹಾಗೆ ನೋಡಿಕೊಂಡಿದ್ದೇವೆ, ಚಳಿ ವಿಪರೀತ ಆದಾಗ ಇನ್ನೂ ಕಡಿಮೆ. ಹದಿನೈದು ದಿನಕ್ಕೊಮ್ಮೆ ಟಾರ್ಚ್ ಬಿಟ್ಟು ನೋಡುತ್ತೇನೆ, ಮೊಳೆಗಳು ಒಣಗಿಯೇ ಇವೆ. ಶಿಂಗಲ್ಸ್ ಕೂಡ ಅವೇ, ಒಂದನ್ನೂ ಬದಲಾಯಿಸಿಲ್ಲ. ಮುಂಗಡ ಮಾತ್ರ ವಾಪಸ್ ಬರಲಿಲ್ಲ.